ಹತ್ತು ಡಾಲರಿನ ಚಿನ್ನ, ಎರಡು ಕಂಠೀರಾಯಿ ಹಣ

ದೊಡ್ಡನೆಕ್ಕುಂದಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಸಾಫ್ಟ್‌ವೇರ್ ಕೆಲಸ, ಕೆರೆಯಿಂದ ಸ್ವಲ್ಪ ದೂರದಲ್ಲಿ ಬಾಡಿಗೆ ಮನೆ. ಬೇರೆಯವರು ರಾತ್ರಿ ಹನ್ನೊಂದಕ್ಕೆ ಕ್ರಿಕೆಟ್ ಹೈಲೈಟ್ಸ್ ನೋಡಿದರೆ ಇವನು ಅಮೆರಿಕದ ನಾಣ್ಯಗಳ ಹರಾಜು ನೋಡ್ತಾನೆ. ಕೊಳ್ಳೋದಕ್ಕಲ್ಲ ಸ್ವಾಮಿ, ಕಾರಿನ ಕಂತು ಕಟ್ಟೋದೇ ಕಷ್ಟ. ಸುಮ್ಮನೆ ನೋಡೋದಕ್ಕೆ. ಅದರಲ್ಲೂ ಹಳೇ ಪ್ರೂಫ್ ಚಿನ್ನದ ನಾಣ್ಯ ಅಂದರೆ ಅವನಿಗೆ ಊಟ ಬೇಡ.

ಪ್ರೂಫ್ ಅಂದರೇನು? ಸಂತೆಯಲ್ಲಿ ಓಡಾಡೋ ನಾಣ್ಯ ಅಲ್ಲ ಅದು. ಅಚ್ಚನ್ನು ವಿಶೇಷವಾಗಿ ತಿದ್ದಿ, ಚಿನ್ನದ ಬಿಲ್ಲೆಯನ್ನು ಕನ್ನಡಿ ಥರ ಉಜ್ಜಿ, ಗೆರೆ ಗೆರೆಯೂ ಎದ್ದು ಕಾಣೋ ಹಾಗೆ ಹೊಡೆದದ್ದು. ಒಬ್ಬ ರಾಜನಿಗೋ, ಒಬ್ಬ ಗಣ್ಯನಿಗೋ ಕೊಡೋದಕ್ಕೆ ಅಂತ ಮಾಡಿದ್ದು. ಯಾರ ಜೇಬನ್ನೂ ಕಂಡಿರೋದಿಲ್ಲ.

ಅವನು ಹೇಳಿದ ಒಂದು ಕಥೆ ನಿಮಗೂ ಹೇಳಬೇಕು. 1834. ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್. ಸಯಾಮ್ ಅಂದರೆ ಈಗಿನ ಥಾಯ್ಲೆಂಡಿನ ರಾಜ ಮೂರನೇ ರಾಮನಿಗೆ ಕಾಣಿಕೆ ಕಳಿಸಬೇಕು. ಏನು ಕಳಿಸೋದು? ನಮ್ಮ ದೇಶದ ಎಲ್ಲಾ ನಾಣ್ಯಗಳ ಒಂದೊಂದು ಪ್ರತಿ ಕಳಿಸಿ ಅಂತ ಟಂಕಸಾಲೆಗೆ ಅಪ್ಪಣೆಯಾಯ್ತು. ಫಜೀತಿ ಆಗಿದ್ದು ಅಲ್ಲೇ. ಹತ್ತು ಡಾಲರಿನ ಚಿನ್ನದ ನಾಣ್ಯವನ್ನು 1804ಕ್ಕೇ ನಿಲ್ಲಿಸಿಬಿಟ್ಟಿದ್ದರು. ಆದರೆ ರಾಜನ ಪೆಟ್ಟಿಗೆಯಲ್ಲಿ ಜಾಗ ಖಾಲಿ ಬಿಡೋಕಾಗುತ್ತಾ? ಹೊಸ ಅಚ್ಚು ಮಾಡಿದರು, 1804 ಅಂತ ಇಸವಿ ಹಾಕಿದರು, 1834ರಲ್ಲಿ ಹೊಡೆದರು! ಆದರೆ ಒಂದು ಅಂಕಿ ಗುಟ್ಟು ಬಿಟ್ಟುಕೊಟ್ಟಿತು. ನಿಜವಾಗಿ 1804ರಲ್ಲಿ ಹೊಡೆದ ನಾಣ್ಯದ 4ರ ಅಡ್ಡಗೆರೆಯ ತುದಿಯಲ್ಲಿ ಒಂದು ಸಣ್ಣ ಕಡ್ಡಿ ಇದೆ. ಮೂವತ್ತು ವರ್ಷ ಆದಮೇಲೆ ಹೊಡೆದದ್ದರ 4 ಬೋಳು.

ರಾಯಭಾರಿ ಎಡ್ಮಂಡ್ ರಾಬರ್ಟ್ಸ್ ಆ ಪೆಟ್ಟಿಗೆ ಹಿಡಿದುಕೊಂಡು ಪೀಕಾಕ್ ಅನ್ನೋ ಹಡಗು ಹತ್ತಿದ. ಅರಬ್ಬಿ ಕರಾವಳಿಯಲ್ಲಿ ಹಡಗು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡಿತು. ರಿಪೇರಿ ಎಲ್ಲಿ ಆಯ್ತು ಗೊತ್ತಾ? ನಮ್ಮ ಮುಂಬೈಯಲ್ಲಿ. ಅಲ್ಲಿಂದ ಹೊರಟು 1836ರಲ್ಲಿ ಬ್ಯಾಂಕಾಕ್ ಸೇರಿ, ರಾಜನಿಗೆ ಪೆಟ್ಟಿಗೆ ಒಪ್ಪಿಸಿ, ಅದೇ ವರ್ಷ ರಾಬರ್ಟ್ಸ್ ಮಕಾವ್‌ನಲ್ಲಿ ತೀರಿಕೊಂಡ. 1962ರಲ್ಲಿ ಆ ಪೆಟ್ಟಿಗೆ ನಾಣ್ಯ ಪ್ರಪಂಚದ ಮುಂದೆ ಮತ್ತೆ ಪ್ರತ್ಯಕ್ಷ ಆಯ್ತು. 2005ರಲ್ಲಿ ಇಡೀ ಸೆಟ್ 85 ಲಕ್ಷ ಡಾಲರಿಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಮೂವತ್ತೈದು ಕೋಟಿ ರೂಪಾಯಿಗೂ ಮೇಲೆ!

ಚಿನ್ನದ ತೂಕಕ್ಕೆ ಕೊಟ್ಟ ದುಡ್ಡಾ ಇದು? ಅಲ್ಲವೇ ಅಲ್ಲ. ಪತ್ರ ಇದೆ, ಆದೇಶ ಇದೆ, ಹಡಗಿನ ಪ್ರಯಾಣದ ದಾಖಲೆ ಇದೆ. ಕೊನೆಗೆ ಪೆಟ್ಟಿಗೆ ಬಂದಾಗ ಆ ಕಾಗದಗಳಿಗೂ ಅದಕ್ಕೂ ತಾಳೆಯಾಯ್ತು. ಕಾಗದ ಇಲ್ಲದಿದ್ದರೆ ಅದು ಇಸವಿ ತಪ್ಪು ಹಾಕಿದ ನಾಣ್ಯ ಅಷ್ಟೇ.

ಈಗ ನಮ್ಮ ವಿಷಯಕ್ಕೆ ಬರೋಣ. ಅದೇ 1834ರಲ್ಲಿ ಬೆಂಗಳೂರಲ್ಲಿ ಏನಿತ್ತು? ನಮ್ಮಲ್ಲೂ ಟಂಕಸಾಲೆ ಇತ್ತು! 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. 1833ರಲ್ಲಿ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಬಂತು, 1843ಕ್ಕೆ ಬಾಗಿಲು ಹಾಕಿತು. ಅದು ಎಲ್ಲಿತ್ತು ಅಂತ ಮೆಜೆಸ್ಟಿಕ್‌ನಲ್ಲಿ ನಿಂತು ಹತ್ತು ಜನರನ್ನು ಕೇಳಿ ನೋಡಿ.

ಇನ್ನೂ ಹಿಂದಕ್ಕೆ ಹೋಗಿ. ನನ್ನ ಗೆಳೆಯನ ತಾರಸಿ ಮೇಲೆ ನಿಂತರೆ ಎಚ್‌ಎಎಲ್ ಕಡೆ ಇಳಿಯೋ ವಿಮಾನ ಕಾಣುತ್ತೆ. ಆ ಎಚ್‌ಎಎಲ್ ಪ್ರದೇಶದಲ್ಲಿ, ಆ ಕಡೆ ಯಶವಂತಪುರದಲ್ಲಿ, ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಎರಡು ಸಾವಿರ ವರ್ಷದ ಮಾತು. ಪ್ರತಿ ವರ್ಷ ಇಂಡಿಯಾ ನಮ್ಮಿಂದ ಐದು ಕೋಟಿ ಸೆಸ್ಟರ್ಸ್ ದುಡ್ಡು ಎಳೆದುಕೊಳ್ಳುತ್ತೆ ಅಂತ ರೋಮ್‌ನ ಪ್ಲಿನಿ ಗೋಳಾಡಿದ್ದನಲ್ಲ, ಆ ದುಡ್ಡಿನ ಒಂದು ಚೂರು ನಮ್ಮ ರಿಂಗ್ ರೋಡ್ ಪಕ್ಕದಲ್ಲೇ ಹೂತಿತ್ತು. ಐಟಿ ಬಂದಮೇಲೆ ಈ ಕಡೆಗೆ ಡಾಲರ್ ಬಂತು ಅಂತೀವಿ. ವಿದೇಶಿ ದುಡ್ಡು ಬಂದು ಬಹಳ ದಿನ ಆಯ್ತು ಮಾರಾಯ್ರೇ!

ಸಿಕ್ಕಿದ್ದಕ್ಕೆ ಕಾಗದ ಇದೆ, ಅದಕ್ಕೇ ನಾನು ಇವತ್ತು ಹೇಳ್ತಾ ಇದೀನಿ. ಸಿಕ್ಕಿಯೂ ಕರಗಿ ಹೋದದ್ದು? ಈ ಸುತ್ತಮುತ್ತ ಎಷ್ಟು ಪಾಯ ತೋಡಿದ್ದಾರೆ, ಎಷ್ಟು ಜೆಸಿಬಿ ಓಡಿವೆ! ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ. ಸರ್ಕಾರ ಅದನ್ನು ಇಟ್ಟುಕೊಳ್ಳೋದಾದರೆ ಲೋಹದ ಬೆಲೆ ಜೊತೆಗೆ ಅದರ ಐದನೇ ಒಂದು ಭಾಗ ಸೇರಿಸಿ ಕೊಡಬೇಕು ಅಂತ ಬ್ರಿಟಿಷರ 1878ರ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಜನ ಪೊಲೀಸ್ ಸ್ಟೇಷನ್ ನೆನೆಸಿಕೊಂಡು ನೇರವಾಗಿ ಅಕ್ಕಸಾಲಿ ಹತ್ತಿರ ಹೋಗ್ತಾರೆ. ಅವರನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ.

ಆವತ್ತು ಇದನ್ನೆಲ್ಲ ಮಾತಾಡ್ತಾ ಕೂತಿದ್ದಾಗ ಮನೆ ಓನರ್ ತಾಯಿ ಕಾಫಿ ತಂದರು. ಇದೇ ಊರಿನ ಹಳೇ ರೈತರ ಮನೆಯ ಅಜ್ಜಿ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಒಳಗೆ ಹೋಗಿ, ದೇವರ ಮನೆಯಿಂದ ಕುಂಕುಮದ ಭರಣಿ ತಂದರು. ಅದರ ತಳದಲ್ಲಿ ಎರಡು ಚಿನ್ನದ ಚೂರು. ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡವು. ಒಂದರ ತೂಕ ಅರ್ಧ ಗ್ರಾಂ ಕೂಡ ಬರಲಿಕ್ಕಿಲ್ಲ.

ಕಂಠೀರಾಯಿ ಹಣ!

ನನ್ನ ಗೆಳೆಯನಿಗೆ ಗುರುತೇ ಹತ್ತಲಿಲ್ಲ. ಬೋಳು 4 ಗೊತ್ತು, ಇದು ಗೊತ್ತಿಲ್ಲ. ಭೂತಗನ್ನಡಿ ಹಿಡಿದು ತೋರಿಸಿದೆ. ಒಂದು ಕಡೆ ಕೂತ ನರಸಿಂಹ, ಇನ್ನೊಂದು ಕಡೆ ಅಕ್ಷರ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಹಾಕಿಸಿ ಹೊಡೆಸಿದ ನಾಣ್ಯ ಇದು. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ಕೈಯಲ್ಲಿ ಓಡಾಡಿದ್ದು ಈ ಪುಟ್ಟ ಹಣವೇ. ಕೈಯಲ್ಲಿ ಹೊಡೆದದ್ದು, ಒಂದರ ಥರ ಇನ್ನೊಂದಿಲ್ಲ. ಒಂದರಲ್ಲಿ ನರಸಿಂಹನ ತಲೆ ಅಂಚಿನಾಚೆ ಹೋಗಿದೆ. ಪ್ರೂಫ್ ನಾಣ್ಯ ನೋಡೋ ಕಣ್ಣಿಗೆ ಇದು ಸೆಕೆಂಡ್ಸ್ ಮಾಲು. ಆದರೆ ಇದು ಸಂತೆ ಕಂಡಿದೆ, ಕಂದಾಯ ಕಟ್ಟಿದೆ, ಮದುವೆ ಮಾಡಿಸಿದೆ. ನಾವು ಈಗಲೂ ದುಡ್ಡಿಗೆ ಹಣ ಅಂತಲೇ ಅನ್ನೋದು.

"ಎಲ್ಲಿಂದ ಬಂತಜ್ಜಿ?" ಅಂದೆ.

"ನಮ್ಮತ್ತೆ ಕೊಟ್ಟಿದ್ದು ಕಣಪ್ಪ. ಒಂಬತ್ತು ಇದ್ವು. ಮೊಮ್ಮಗಳ ಓಲೆಗೆ ಏಳು ಹಾಕ್ಬುಟ್ವಿ."

ನನ್ನ ಗೆಳೆಯ ಎದೆ ಹಿಡಿದುಕೊಂಡ. ಅಜ್ಜಿ ನಕ್ಕರು. ಓಲೆ ಚೆನ್ನಾಗೇ ಬಂದಿದೆಯಂತೆ.

ಆಮೇಲೆ ಅವನು ಆಫೀಸ್ ಬ್ಯಾಗಿನಿಂದ ಒಂದು ಹಾಳೆ ತೆಗೆದ. ಅಜ್ಜಿ ಹೆಸರು, ಅತ್ತೆ ಹೆಸರು, ಅತ್ತೆಯ ತವರು, ಮದುವೆಯಾಗಿ ಈ ಊರಿಗೆ ಬಂದ ವರ್ಷ, ಒಂಬತ್ತರಲ್ಲಿ ಏಳು ಏನಾಯ್ತು, ಎಲ್ಲಾ ಕೇಳಿ ಕೇಳಿ ಬರೆದ. ಮಡಚಿ, ನಾಣ್ಯದ ಜೊತೆ ಭರಣಿಗೆ ಹಾಕೋಕೆ ಹೋದ. ಹಾಳೆ ಹಿಡಿಸಲಿಲ್ಲ. ಅಜ್ಜಿ ಒಳಗಿಂದ ಒಂದು ಹಳೇ ಒಡವೆ ಡಬ್ಬಿ ತಂದುಕೊಟ್ಟು ಕೇಳಿದರು:

"ಚೀಟಿ ಯಾಕಪ್ಪ ಇಡ್ತೀಯಾ? ನಂಗೆ ಗೊತ್ತಲ್ಲ."