ಗಣಕಯಂತ್ರದ ಒಕ್ಕಣೆಯೂ ನಮ್ಮ ಕನ್ನಡವೂ

ಕಾಗದದ ಮೇಲ್ತುದಿಯಲ್ಲಿ ಊರು, ತಾರೀಖು, ಅನಂತರ ‘ತೀರ್ಥರೂಪರಾದ ತಂದೆಯವರಿಗೆ’ ಎಂಬ ಒಕ್ಕಣೆ. ಇದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಗಣಕಯಂತ್ರದ ಚರ್ಚಾಕೂಟಗಳ ಸಂದೇಶಕ್ಕೂ ಇಂಥದೊಂದು ಒಕ್ಕಣೆಯಿದೆ. ಅದನ್ನು ‘ಹೆಡರ್’ ಎನ್ನುತ್ತಾರೆ. ಅದರಲ್ಲಿ ಕನ್ನಡಕ್ಕೆ ಜಾಗ ದೊರೆತದ್ದು ಸುಲಭವಾಗಿಯೇನಲ್ಲ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ರೂಪಿಸಿದರು. ಸಂದೇಶಗಳು ಯಂತ್ರದಿಂದ ಯಂತ್ರಕ್ಕೆ ಕೈಬದಲಾಗುತ್ತ ಸಾಗಬೇಕಾದರೆ ಎಲ್ಲರ ಒಕ್ಕಣೆಯೂ ಒಂದೇ ತೆರನಾಗಿರಬೇಕಷ್ಟೆ. ಅದಕ್ಕಾಗಿ ಮಾರ್ಕ್ ಹಾರ್ಟನ್ 1983ರಲ್ಲಿ ‘ಆರ್‌ಎಫ್‌ಸಿ 850’ ಎಂಬ ನಿಯಮಪತ್ರ ಬರೆದರು. 1987ರಲ್ಲಿ ರಿಕ್ ಆಡಮ್ಸ್ ಅವರೊಡಗೂಡಿ ಅದನ್ನೇ ತಿದ್ದಿ ‘ಆರ್‌ಎಫ್‌ಸಿ 1036’ ಆಗಿ ಹೊರತಂದರು. ಕಳುಹಿಸಿದವರು, ತಾರೀಖು, ಚರ್ಚಾಕೂಟ, ವಿಷಯ, ಸಂದೇಶದ ಗುರುತು, ಸಾಗಿಬಂದ ದಾರಿ ಎಂಬ 6 ಸಾಲುಗಳು ಕಡ್ಡಾಯವಾದವು.

ವೇಳೆಯನ್ನು ಗ್ರೀನ್‌ವಿಚ್ ಕಾಲಮಾನದಲ್ಲಿ ಕಳುಹಿಸುವುದು ಲೇಸೆಂದೂ ಅದರಲ್ಲಿ ಸೂಚಿಸಲಾಗಿತ್ತು. ಇದರ ಬೆಲೆ ಒಮಾನಿನಲ್ಲಿರುವ ನಮಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ರಾತ್ರಿ 9.30 ಆದಾಗ ಮಸ್ಕತ್ತಿನಲ್ಲಿ 8 ಗಂಟೆ. ಅಲ್ಲಿಂದ ಆಗ ಬಂದ ಪ್ರಶ್ನೆಗೆ ಹತ್ತೇ ನಿಮಿಷದಲ್ಲಿ ಉತ್ತರಿಸಿ, ಬರಿಯ 8.10 ಎಂದು ನಮೂದಿಸಿದರೆ ಪ್ರಶ್ನೆಗಿಂತ ಉತ್ತರವೇ ಮೊದಲು ಹುಟ್ಟಿದಂತಾಗುತ್ತದೆ!

ವೇಳೆಯ ತೊಡಕು ಹೀಗೆ ಬಗೆಹರಿಯಿತು, ಭಾಷೆಯದು ಉಳಿಯಿತು. ಒಕ್ಕಣೆಯ ಸಾಲುಗಳಿಗೆ ದೊರೆತದ್ದು ಆಸ್ಕಿ ಪಟ್ಟಿಯ 128 ಸಂಕೇತಗಳು ಮಾತ್ರ. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಒಂದಕ್ಷರಕ್ಕೂ ಅಲ್ಲಿ ಎಡೆಯಿಲ್ಲ. ಯೂಸ್‌ನೆಟ್ಟಿನ ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಕೂಟದಲ್ಲೂ ವಿಷಯದ ಸಾಲಿಗೆ ರೋಮನ್ ಲಿಪಿಯೇ ಗತಿ.

1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಸೇರಿತು. 1992ರಲ್ಲಿ ಕೀತ್ ಮೂರ್ ಬರೆದು, 1996ರಲ್ಲಿ ‘ಆರ್‌ಎಫ್‌ಸಿ 2047’ ಆಗಿ ಪರಿಷ್ಕೃತವಾದ ನಿಯಮವು ಅನ್ಯಲಿಪಿಯನ್ನು ಆಸ್ಕಿಯ ವೇಷದಲ್ಲಿ ಸಾಗಿಸುವ ಉಪಾಯ ತೋರಿತು. ಆದರೆ ಈ ವೇಷ ತುಟ್ಟಿಯದು: ‘ಮಸ್ಕತ್’ ಎಂಬ ಪುಟ್ಟ ಪದಕ್ಕೆ 36 ಸಂಕೇತಗಳು ಬೇಕು! ಯೂಸ್‌ನೆಟ್ಟಿನ ನಿಯಮಪತ್ರ ಅಧಿಕೃತವಾಗಿ ಹೊಸದಾದದ್ದು 2009ರಲ್ಲಿ, ಅಂದರೆ 22 ವರ್ಷಗಳ ಬಳಿಕ. ಇಮೇಲ್ ಒಕ್ಕಣೆಯಲ್ಲಿ ವೇಷವಿಲ್ಲದೆಯೇ ಕನ್ನಡ ಬರೆಯಲು ನಿಯಮ ಒಪ್ಪಿದ್ದು 2012ರಲ್ಲಿ.

ಕರಡು ಬರೆದವರಿಗೆ ಕನ್ನಡದ ಮೇಲೆ ಹಗೆಯೇನೂ ಇರಲಿಲ್ಲ. ಅವರ ನಿತ್ಯದ ಬಳಕೆಯಲ್ಲಿ ಅದು ಇರಲಿಲ್ಲ, ಅಷ್ಟೆ. ಇಂಥ ಕರಡುಗಳನ್ನು ಯಾರು ಬೇಕಾದರೂ ಓದಿ ಅಭಿಪ್ರಾಯ ತಿಳಿಸಬಹುದು, ಸದಸ್ಯತ್ವದ ಹಂಗಿಲ್ಲ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ನಾಳಿನ ಇಂಜಿನಿಯರುಗಳು ಆ ಪಂಕ್ತಿಯಲ್ಲಿ ಕೂತು ‘ಇದರಲ್ಲಿ ಕನ್ನಡ ಬರೆಯಬಹುದೇ?’ ಎಂದು ಮೊದಲೇ ಕೇಳಲಿ.