ಕಪಿಲೆ ಬಾವಿಯ ರಾಟೆ: ಹೊಳಲ್ಕೆರೆ ಸೀಮೆಯ ನೀರೆತ್ತುವಿಕೆಯಲ್ಲಿ ದಿಕ್ಕು, ದೂರ ಮತ್ತು ಬಲ

ಶಾಲೆಯ ಪಠ್ಯದಲ್ಲಿ ಸ್ಥಿರ ರಾಟೆಗೆ ಸಿಗುವುದು ಒಂದೇ ಸಾಲಿನ ಮರ್ಯಾದೆ: ಅದು ಬಲದ ದಿಕ್ಕನ್ನು ಬದಲಿಸುತ್ತದೆ, ಯಾಂತ್ರಿಕ ಲಾಭ ಒಂದೇ. ಎರಡು ಪಟ್ಟು ಲಾಭ ಕೊಡುವ ಚಲಿಸುವ ರಾಟೆಯೇ ಮೇಲು ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಹಾಗಿದ್ದರೆ ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುವ ನಮ್ಮ ಬಯಲುಸೀಮೆಯ ಕಪಿಲೆ ಬಾವಿಗಳು ಅಷ್ಟೊಂದು ಕಾಲ ಸ್ಥಿರ ರಾಟೆಯನ್ನೇ ನಂಬಿದ್ದೇಕೆ? ಅದು ಅರಿವಿನ ಕೊರತೆಯಲ್ಲ, ಯೋಚಿಸಿ ಮಾಡಿದ ಆಯ್ಕೆ ಎಂಬುದು ಈ ಲೇಖನದ ವಾದ.

ಚಿತ್ರದುರ್ಗ ಜಿಲ್ಲೆಯಲ್ಲಿ ಹೊಲಕ್ಕೆ ತಾನಾಗಿ ಹರಿದು ಬರುವ ನೀರು ಎಲ್ಲರ ಪಾಲಿಗಿಲ್ಲ. 1898ರಿಂದ 1907ರವರೆಗೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ನೀರುಣಿಸಿದ್ದು ಮುಖ್ಯವಾಗಿ ಹಿರಿಯೂರಿನ ಕಡೆಗೆ. ಹೊಳಲ್ಕೆರೆಯ ತೋಟಗಳಿಗೆ ಆ ಭಾಗ್ಯವಿರಲಿಲ್ಲ. ಕೆರೆ ಬತ್ತಿದಾಗ ಬಾವಿಯೊಂದೇ ಗತಿ; ಬಾವಿಯೆಂದರೆ ಎತ್ತಬೇಕಾದ ನೀರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತುತ್ತ ಚಿತ್ರದುರ್ಗ, ಹಿರಿಯೂರುಗಳನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಏತ, ಕಪಿಲೆಗಳೆರಡನ್ನೂ ಹೆಸರಿಸಿದ್ದಾನೆ.

ಕಪಿಲೆಯ ಕಟ್ಟುವಿಕೆಯನ್ನು ನಿಧಾನವಾಗಿ ನೋಡಬೇಕು. ಬಾವಿಯ ಅಂಚಿನಲ್ಲಿ ಎರಡು ಕಂಬ, ಅವುಗಳ ನಡುವೆ ಎತ್ತರದಲ್ಲಿ ಮರದ ರಾಟೆ, ಕೆಳಗೆ ದಡದ ಮಟ್ಟಕ್ಕೆ ಒಂದು ಉರುಳೆ. ತೊಗಲಿನ ಚೀಲಕ್ಕೆ ಸೊಂಡಿಲಿನಂಥ ಬಾಲ. ದಪ್ಪ ಹಗ್ಗ ಮೇಲಿನ ರಾಟೆಯ ಮೇಲೆ, ಸೊಂಡಿಲಿಗೆ ಕಟ್ಟಿದ ಸಣ್ಣ ಹಗ್ಗ ಕೆಳಗಿನ ಉರುಳೆಯ ಮೇಲೆ ಹಾಯುತ್ತವೆ. ಎರಡರ ತುದಿಯೂ ಎತ್ತಿನ ನೊಗಕ್ಕೇ. ಮೇಲೇರುವಾಗ ಸೊಂಡಿಲು ಮಡಚಿಕೊಂಡು ನೀರನ್ನು ಹಿಡಿದಿರುತ್ತದೆ. ದಡಕ್ಕೆ ಬಂದಾಗ ಚೀಲ ಇನ್ನೂ ಮೇಲಕ್ಕೆ ಹೋಗುತ್ತದೆ, ಸೊಂಡಿಲು ಮುಂದಕ್ಕೆ ಚಾಚಿಕೊಳ್ಳುತ್ತದೆ, ನೀರು ತಾನಾಗಿಯೇ ತೊಟ್ಟಿಗೆ ಬೀಳುತ್ತದೆ. ಚೀಲವನ್ನು ಬಗ್ಗಿಸಲು ಇನ್ನೊಬ್ಬ ಆಳು ಬೇಡ. ಎರಡು ರಾಟೆಗಳ ಎತ್ತರದ ವ್ಯತ್ಯಾಸದಿಂದಲೇ ಇಷ್ಟನ್ನು ಸಾಧಿಸಿದ ಅನಾಮಿಕ ಕುಶಲಕರ್ಮಿಯ ಬಗ್ಗೆ ನನಗಿರುವ ಗೌರವ ದೊಡ್ಡದು. ಬಡಗಿ, ಕಮ್ಮಾರ, ತೊಗಲು ಕೆಲಸದವರು ಮೂವರ ಕೈಯೂ ಕೂಡದೆ ಇದು ನಡೆಯುತ್ತಿರಲಿಲ್ಲ.

ರಾಟೆಯ ಬದಲು ಬರೀ ಮರದ ದಿಮ್ಮಿ ಇದ್ದಿದ್ದರೆ? ಕಾಲುಸುತ್ತು ಬಳಸಿದ ಹಗ್ಗ ದಿಮ್ಮಿಯ ಮೇಲೆ ಜಾರುವಾಗ, ಘರ್ಷಣಾಂಕ 0.4 ಎಂದಿಟ್ಟುಕೊಂಡರೆ, ಎಳೆತ ಹೊರೆಯ 1.87 ಪಟ್ಟಾಗುತ್ತದೆ. ಅದೇ 20 ಸೆಂ.ಮೀ. ತ್ರಿಜ್ಯದ ಗಾಲಿ 2 ಸೆಂ.ಮೀ. ತ್ರಿಜ್ಯದ ಅಚ್ಚಿನ ಮೇಲೆ ತಿರುಗಿದರೆ, ಅಚ್ಚಿನ ಘರ್ಷಣಾಂಕ 0.2 ಇದ್ದರೂ, ನಷ್ಟ ನೂರಕ್ಕೆ ಮೂರರಷ್ಟು ಮಾತ್ರ. ‘ಲಾಭ ಒಂದೇ’ ಎನ್ನುವ ಪಠ್ಯ ಈ ಉಳಿತಾಯವನ್ನು ಲೆಕ್ಕಕ್ಕೇ ತಂದಿಲ್ಲ.

ಇನ್ನು ದಿಕ್ಕಿನ ಮಾತು. ರಾಟೆ ಇರುವುದರಿಂದ ಎತ್ತುಗಳು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಯಬಹುದು. ತಲಾ 300 ಕೆ.ಜಿ.ಯ ಜೋಡಿ, ಐದಕ್ಕೆ ಒಂದರಷ್ಟು ಇಳಿಜಾರು, 120 ಲೀಟರ್ ಚೀಲ ಎಂದು ಭಾವಿಸೋಣ. ಇಳಿಜಾರಿನ ಗುಂಟ ಎತ್ತುಗಳ ಸ್ವಂತ ತೂಕದ ಪಾಲೇ 120 ಕೆ.ಜಿ. ಭಾರಕ್ಕೆ ಸಮ, ನೀರನ್ನು ಅದೇ ತೂಗಿಸುತ್ತದೆ. ಹಗ್ಗದ ಮೇಲೆ ಕೂತು ಇಳಿಯುವ ಆಳಿನ ತೂಕವೂ ಅದಕ್ಕೆ ಸೇರುತ್ತದೆ. ಒಟ್ಟು ದುಡಿಮೆ ಇದರಿಂದ ಕಡಿಮೆಯಾಗಲಿಲ್ಲ, ನಿಜ. ಬರಿಚೀಲ ಬಾವಿಗಿಳಿಯುವಾಗ ಎತ್ತುಗಳು ತಮ್ಮ ಮೈಯನ್ನು ಏರಿಗೆ ಒಯ್ಯಲೇಬೇಕು. ಆದರೆ ಆ ದುಡಿಮೆ ಎರಡು ಕಂತುಗಳಲ್ಲಿ ಹಂಚಿಹೋಯಿತು. ದಿನವಿಡೀ ಎಳೆಯಬೇಕಾದ ಎತ್ತಿಗೆ ಇದು ಸಣ್ಣ ಸಂಗತಿಯಲ್ಲ.

ಇಲ್ಲಿ ಚಲಿಸುವ ರಾಟೆ ಹಾಕಿದ್ದರೆ ಬಲ ಅರ್ಧವಾಗುತ್ತಿತ್ತು, ದೂರ ಇಮ್ಮಡಿಯಾಗುತ್ತಿತ್ತು. 10 ಮೀಟರ್ ಏರಿಕೆಗೆ 20 ಮೀಟರ್ ಇಳಿಜಾರು, ಅಷ್ಟೇ ಹೆಚ್ಚು ಹಗ್ಗ, ಅಷ್ಟೇ ಹೊಲದ ಜಾಗ, ಗಂಟೆಗೆ ಅರ್ಧದಷ್ಟೇ ಚೀಲಗಳು. ಬೇಸಿಗೆಯಲ್ಲಿ ಬಾಡುವ ಸಸಿಗೆ ಬೇಕಾದದ್ದು ಬೇಗ ಬೇಗ ಬರುವ ನೀರು.

ಆರ್ಕಿಮಿಡೀಸನ ಕಾಲದಿಂದ ಪ್ರಸಿದ್ಧವಾದ ಬಹುರಾಟೆಯ ಕಟ್ಟು ಈ ಸೀಮೆಯಲ್ಲಿ ಅಗತ್ಯವಾದದ್ದು ಕೊಳವೆಬಾವಿ ಬಂದ ಮೇಲೆ. ಕೆಟ್ಟ ಮೋಟರನ್ನು ಮೇಲೆತ್ತಬೇಕೆಂದರೆ, ಎರಡೂವರೆ ಇಂಚಿನ ಜಿಐ ಪೈಪು ಮೀಟರಿಗೆ ಆರೂವರೆ ಕೆ.ಜಿ.ಯಷ್ಟು, 150 ಮೀಟರಿಗೆ ಟನ್ನಿನ ಸಮೀಪ. ನಾಲ್ಕು ಎಳೆಯ ಹಗ್ಗದ ಕಟ್ಟಿನಲ್ಲಿ ಘರ್ಷಣೆ ಬಿಟ್ಟರೆ ಎಳೆಯಬೇಕಾದದ್ದು 250 ಕೆ.ಜಿ. ಭಾರದಷ್ಟು. ಇಲ್ಲಿ ಅವಸರವಿಲ್ಲ, ಪೈಪನ್ನು ಒಂದೊಂದಾಗಿಯೇ ಕಳಚಬೇಕು. ದೂರವನ್ನು ಕೊಟ್ಟು ಬಲವನ್ನು ಕೊಳ್ಳುವುದು ಸರಿಯಾದ ವ್ಯಾಪಾರ.

ಈ ವಾದವನ್ನು ನೆಲದ ಮೇಲೆ ಪರೀಕ್ಷಿಸಬಹುದು. ಪಾಳುಬಿದ್ದ ಕಪಿಲೆ ಬಾವಿಗಳಲ್ಲಿ ಇಳಿಜಾರಿನ ಉದ್ದ, ಅದರ ವಾಟ, ಬಾವಿಯ ಆಳ, ಎರಡು ಅಚ್ಚುಗಳ ನಡುವಿನ ಎತ್ತರ ಇವಿಷ್ಟನ್ನು ಅಳೆದರೆ ಸಾಕು. ಇಳಿಜಾರಿನ ಉದ್ದವು ನೀರೆತ್ತಿದ ಎತ್ತರಕ್ಕೆ ಹೆಚ್ಚುಕಡಿಮೆ ಸಮನಾಗಿದ್ದರೆ ಅಲ್ಲಿ ಸ್ಥಿರ ರಾಟೆಯೇ ಇತ್ತೆಂದು ಹೇಳಬಹುದು. ಬಾವಿಗಳು ಮುಚ್ಚಿಹೋಗುವ ಮೊದಲೇ ಈ ಅಳತೆ ನಡೆಯಬೇಕಾಗಿದೆ.