ಹೆಸರು ಕೆಟ್ಟವರು ಯಾರು, ಊರು ಕೆಡಿಸಿದವರು ಯಾರು?

ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ಇಂಗ್ಲೆಂಡಿನ ಯಾರ್ಕ್ ನಗರ ತೋರಿಸಲು ಇಲ್ಲಿ ನೆಲೆಸಿದ ನಮ್ಮವರು ಹಿಡಿಯುವ ದಾರಿ ಒಂದೇ: ಮಿನ್‌ಸ್ಟರ್ ಚರ್ಚು, ಶ್ಯಾಂಬಲ್ಸ್ ಓಣಿ, ಆಮೇಲೆ ವೈಕಿಂಗರ ಕೊಂಬಿನ ಟೊಪ್ಪಿ ಮಾರುವ ಅಂಗಡಿ. ಆ ಕೊಂಬು ಶುದ್ಧ ಸುಳ್ಳು. ವೈಕಿಂಗರು ಕೊಂಬು ತೊಟ್ಟು ಯುದ್ಧಕ್ಕೆ ಹೋದದ್ದಕ್ಕೆ ಪುರಾವೆಯೇ ಇಲ್ಲ. ಈ ಊರಿನ ಮೇಲೆ ಏರಿಬಂದವರಲ್ಲಿ ಹೆಚ್ಚು ಹೆಸರು ಕೆಟ್ಟದ್ದು ಅವರದೇ. ನನ್ನ ತಕರಾರು ಇರುವುದು ಅಲ್ಲಿ.

ರೋಮನ್ನರು ಬರುವ ಮುಂಚೆ ಉತ್ತರ ಇಂಗ್ಲೆಂಡಿನ ಬಹುಭಾಗ ಬ್ರಿಗಾಂಟೆಸ್ ಎಂಬ ಜನರದ್ದಾಗಿತ್ತು. ಅವರ ರಾಣಿ ಕಾರ್ಟಿಮಾಂಡುವಾ ರೋಮಿನ ಸ್ನೇಹ ಸಂಪಾದಿಸಿಯೇ ಗದ್ದುಗೆ ಉಳಿಸಿಕೊಂಡವಳು. ಆಶ್ರಯ ಕೇಳಿ ಬಂದ ಬಂಡಾಯಗಾರ ಕ್ಯಾರಟಕಸ್‌ನನ್ನು ಕ್ರಿ.ಶ. 51ರಲ್ಲಿ ರೋಮನ್ನರ ಕೈಗೇ ಒಪ್ಪಿಸಿದಳು. ಆಮೇಲೆ ಗಂಡ ವೆನೂಟಿಯಸ್‌ನನ್ನು ಬಿಟ್ಟು ಅವನ ಆಯುಧ ಹೊರುವವನನ್ನೇ ಕೈಹಿಡಿದಳು. 69ರಲ್ಲಿ ರೋಮ್ ತನ್ನದೇ ಅಂತರ್ಯುದ್ಧದಲ್ಲಿ ಮುಳುಗಿದ್ದ ಸಮಯ ನೋಡಿ ಬಿಟ್ಟ ಗಂಡ ತಿರುಗಿಬಿದ್ದ. ರೋಮನ್ನರು ರಾಣಿಯ ಜೀವ ಉಳಿಸಿದರು, ರಾಜ್ಯ ಮಾತ್ರ ಅವನ ಪಾಲಾಯಿತು. ಅವನನ್ನು ಬಗ್ಗುಬಡಿಯಲು ಬಂದ ಪೆಟಿಲಿಯಸ್ ಕೆರಿಯಾಲಿಸ್, ಒಂಬತ್ತನೇ ಲೀಜನ್ ಸೇನೆಯನ್ನು 71ರ ಸುಮಾರಿಗೆ ಊಸ್ ಮತ್ತು ಫಾಸ್ ನದಿಗಳ ನಡುವಿನ ನೆಲದಲ್ಲಿ ಇಳಿಸಿ ಕೋಟೆ ಕಟ್ಟಿಸಿದ. ಅದೇ ಎಬೋರಾಕಮ್, ಇಂದಿನ ಯಾರ್ಕ್. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಇಲ್ಲಿ ಅದರ ಬೆನ್ನಿಗೆ ಒಂದು ಊರೇ ಹುಟ್ಟಿತು.

ರೋಮನ್ನರೆಂದರೆ ಬರೀ ಇಟಲಿಯವರಲ್ಲ. 211ರಲ್ಲಿ ಇಲ್ಲೇ ತೀರಿಕೊಂಡ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಇಂದಿನ ಲಿಬಿಯಾದವನು, ಅವನ ಹೆಂಡತಿ ಜೂಲಿಯಾ ಡೊಮ್ನಾ ಸಿರಿಯಾದವಳು. 1901ರಲ್ಲಿ ಕಲ್ಲಿನ ಶವಪೆಟ್ಟಿಗೆಯೊಂದರಲ್ಲಿ ಸಿಕ್ಕ ನಾಲ್ಕನೇ ಶತಮಾನದ ಶ್ರೀಮಂತ ಹೆಂಗಸಿನ ಬಳೆಗಳನ್ನು ಯಾರ್ಕ್‌ಷೈರ್ ಮ್ಯೂಸಿಯಮ್ಮಿನಲ್ಲಿ ನೋಡಿ: ಕೆಲವು ಆನೆದಂತದವು, ಕೆಲವು ವಿಟ್ಬಿ ಕರಾವಳಿಯಲ್ಲಿ ಸಿಗುವ ಕಪ್ಪು ಜೆಟ್ ಕಲ್ಲಿನವು. ಅವಳಲ್ಲಿ ಉತ್ತರ ಆಫ್ರಿಕಾದ ರಕ್ತವೂ ಇದ್ದಿರಬಹುದು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

410ರ ಹೊತ್ತಿಗೆ ರೋಮಿನ ಆಡಳಿತ ಮುಗಿಯಿತು. ಸಮುದ್ರದಾಚೆಯಿಂದ ಬಂದ ಆಂಗ್ಲರು ನೆಲೆ ನಿಂತರು. 627ರಲ್ಲಿ ಅವರ ದೊರೆ ಎಡ್ವಿನ್ ದೀಕ್ಷೆ ಪಡೆಯಲೆಂದು ಕಟ್ಟಿದ ಮರದ ಚಿಕ್ಕ ಚರ್ಚೇ ಮಿನ್‌ಸ್ಟರಿನ ಮೂಲ.

866ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ವೈಕಿಂಗರು ಊರು ಹಿಡಿದರು. ಅಲ್ಲಿಯವರೆಗೆ ಪರಸ್ಪರ ಕಾದಾಡುತ್ತಿದ್ದ ಆಂಗ್ಲರ ಇಬ್ಬರು ರಾಜರು ಒಂದಾಗಿ ಮರುವರ್ಷ ಮುತ್ತಿಗೆ ಹಾಕಿದರೂ ಇಬ್ಬರೂ ಸತ್ತರು. ವೈಕಿಂಗರು ಸಾಧುಗಳು ಅಂತಲ್ಲ. ಕೊಂದರು, ದೋಚಿದರು, ಗುಲಾಮರನ್ನೂ ಮಾರಿದರು. ಆದರೆ ಇಲ್ಲೇ ಉಳಿದವರು ಮಾಡಿದ್ದೇನು? ಉತ್ತರ ಕಾಪರ್‌ಗೇಟ್ ಬೀದಿಯಲ್ಲಿದೆ. ಹಳೇ ಮಿಠಾಯಿ ಕಾರ್ಖಾನೆ ಇದ್ದ ಜಾಗದಲ್ಲಿ 1976ರಿಂದ 1981ರವರೆಗೆ ಅಗೆದಾಗ ಸುಮಾರು 40,000 ವಸ್ತುಗಳು ಸಿಕ್ಕವು. ತೇವದ ಮಣ್ಣಿಗೆ ಗಾಳಿ ಹೋಗದ ಕಾರಣ ಮರ, ಚರ್ಮ, ಬಟ್ಟೆ ಕೊಳೆಯದೆ ಉಳಿದಿದ್ದವು. ಕಡೆದ ಮರದ ಬಟ್ಟಲು, ಜಿಂಕೆ ಕೊಂಬಿನ ಬಾಚಣಿಗೆ, ರೇಷ್ಮೆ ಟೊಪ್ಪಿ, ಕೆಂಪು ಸಮುದ್ರದ ಕಡೆಯ ಒಂದು ಕವಡೆ, ಸಮರ್‌ಕಂದದ ನಾಣ್ಯದ ಖೋಟಾ ಪ್ರತಿಯೊಂದು! ನನ್ನ ಮೆಚ್ಚಿನದು ಒಂದೇ ಸೂಜಿಯಲ್ಲಿ ಹೆಣೆದ, ಸವೆದುಹೋದ ಉಣ್ಣೆಯ ಕಾಲುಚೀಲ. ಮಕ್ಕಳ ಮೆಚ್ಚಿನದು ಬೇರೆ. 1972ರಲ್ಲಿ ಪಕ್ಕದ ಬೀದಿಯಲ್ಲಿ ಬ್ಯಾಂಕು ಕಟ್ಟಲು ನೆಲ ಅಗೆದಾಗ ಸಿಕ್ಕ, ಸುಮಾರು 20 ಸೆಂಟಿಮೀಟರ್ ಉದ್ದದ, ಒಬ್ಬ ವೈಕಿಂಗನ ಒಣಗಿದ ಮಲ. ಅವನ ಹೊಟ್ಟೆ ತುಂಬ ಜಂತುಹುಳು ಇದ್ದದ್ದೂ ಅದರಿಂದಲೇ ತಿಳಿಯಿತು. ವೈಕಿಂಗರ ವಸ್ತುಸಂಗ್ರಹಾಲಯವಾದ ಯೋರ್ವಿಕ್ ಕೇಂದ್ರದಲ್ಲಿ ಅದು ಗಾಜಿನ ಪೆಟ್ಟಿಗೆಯೊಳಗಿದೆ.

ಊರನ್ನು ನಿಜವಾಗಿ ಕೆಡಿಸಿದವರು ನಾರ್ಮನ್ನರು. ಇಂಗ್ಲೆಂಡನ್ನು ಗೆದ್ದ ಅವರ ದೊರೆ, ವಿಜಯಿ ವಿಲಿಯಂ, 1068ರಲ್ಲಿ ಇಲ್ಲೊಂದು ಕೋಟೆ ಎಬ್ಬಿಸಿದ, ಮರುವರ್ಷ ಇನ್ನೊಂದು. 1069ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಡೇನರೂ ಸ್ಥಳೀಯ ಬಂಡಾಯಗಾರರೂ ಒಟ್ಟಾಗಿ ಬಂದಾಗ, ಕೋಟೆಯೊಳಗಿನ ನಾರ್ಮನ್ನರು ಸುತ್ತಲಿನ ಮನೆಗಳಿಗೆ ತಾವೇ ಬೆಂಕಿಯಿಟ್ಟರು. ಶತ್ರುಗಳು ಆ ಮರಮಟ್ಟಿನಿಂದ ಕಂದಕ ತುಂಬಿಯಾರು ಎಂಬ ಭಯ. ಬೆಂಕಿ ಹಬ್ಬಿ ಮಿನ್‌ಸ್ಟರ್ ಕೂಡ ಸುಟ್ಟಿತು. ವಿಲಿಯಂ ಡೇನರಿಗೆ ಹಣ ಕೊಟ್ಟು ಸಾಗಹಾಕಿದ. ತನ್ನದೇ ಪ್ರಜೆಗಳಿಗೆ ಆ ಸೌಲಭ್ಯ ಇರಲಿಲ್ಲ. ಆ ಚಳಿಗಾಲವಿಡೀ ಉತ್ತರದ ಹಳ್ಳಿಗಳ ಕಾಳುಕಡಿ, ದನಕರು, ನೇಗಿಲುಗಳನ್ನೆಲ್ಲ ಸುಡಿಸಿದ. ಹಸಿವಿನಿಂದ ಒಂದು ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂದು ಇತಿಹಾಸಕಾರ ಆರ್ಡರಿಕ್ ವಿಟಾಲಿಸ್ ಬರೆದ. ಅಂಕಿ ಉತ್ಪ್ರೇಕ್ಷೆಯೇ ಇರಬೇಕು; ಆದರೆ ಬರೆದವನು ಶತ್ರುವಲ್ಲ, ನಾರ್ಮನ್ನರ ಸೇವೆಯಲ್ಲಿದ್ದ ಫ್ರೆಂಚ್ ತಂದೆಯ ಮಗ, ಬೇರೆ ಕಡೆ ವಿಲಿಯಂನನ್ನು ಹೊಗಳಿದವನು.

1086ರ ಡೂಮ್ಸ್‌ಡೇ ದಫ್ತರಿನಲ್ಲಿ ಯಾರ್ಕ್‌ಷೈರಿನ ಹಳ್ಳಿಹಳ್ಳಿಯ ಮುಂದೆ 'ಪಾಳು' ಎಂದಿದೆ. ಯಾರ್ಕಿನ ಏಳು ಕೇರಿಗಳಲ್ಲಿ ಒಂದು ಕೋಟೆಗಳಿಗಾಗಿಯೇ ನೆಲಸಮವಾಯಿತೆಂದೂ ಇದೆ. ಕ್ಲಿಫರ್ಡ್ಸ್ ಟವರ್ ನಿಂತಿರುವ ದಿಬ್ಬ ಆ ಎರಡು ಕೋಟೆಗಳಲ್ಲಿ ಒಂದರದು. ಇನ್ನೊಂದು ಊಸ್‌ನ ಆಚೆ ದಡದ ಬೇಯ್ಲ್ ಹಿಲ್. ಊರ ಗೋಡೆಯ ಮೇಲೆ ಆ ತುದಿಯವರೆಗೆ ನಡೆದರೆ ಪಕ್ಕದಲ್ಲೇ ಕಾಣುತ್ತದೆ.